ಹಿತ್ತಿಲ ಕಿಂಡಿ

ಹಳೇ ಅಡುಗೆಮನೆಯನ್ನು ಒಡೆಯುವುದು ಬೇಡ, ಅದರ ಗುಣ ಕೆಡದ ಹಾಗೆ ರಿಪೇರಿ ಮಾಡಿದರೆ ಸಾಕು ಎಂದು ಸಂಘಮಿತ್ರಾ ಹಟ ಹಿಡಿದಾಗ ಕೊಣನೂರಿನ ಆ ಬೀದಿಯಲ್ಲಿ ನಗದವರೇ ಇರಲಿಲ್ಲ. ನಗದೆ ಏನು ಮಾಡಿಯಾರು! ಊರಿಗೆ ಊರೇ ಮಸಿ ಹಿಡಿದ ಗೋಡೆ ಕೆಡವಿ, ಮಣ್ಣಿನ ಒಲೆ ಕಿತ್ತೆಸೆದು, ಗ್ರಾನೈಟ್ ಹಾಸಿಕೊಂಡು, ಅಬ್ಬಾ ಕಣ್ಣುರಿ ತಪ್ಪಿತು ಎಂದು ಉಸಿರು ಬಿಡುತ್ತಿರುವಾಗ ಈ ಮಹಾತಾಯಿ ಮಸಿಗೋಡೆಯನ್ನು ಸವರಿ ಸವರಿ ‘ಎಷ್ಟು ಚೆನ್ನಾಗಿದೆ’ ಅನ್ನುತ್ತಿದ್ದಳು. ಗಾರೆ ಕೆಲಸದ ಪುಟ್ಟರಾಜು ಮೊದಲ ದಿನವೇ ತಲೆ ಕೆರೆದುಕೊಂಡ.

"ಮೇಡಮ್ಮಾರೇ, ಇನ್ನೊಂದ್ಸಲ ಯೋಚ್ನೆ ಮಾಡಿ. ಜೆಸಿಬಿ ತಂದ್ರೆ ಮಧ್ಯಾನ್ಕೆಲ್ಲಾ ನೆಲಸಮ. ಒಸಾದು ಕಟ್ಕೊಡ್ತೀನಿ, ಶೋರೂಮ್ ಇದ್ದಂಗಿರ್ತದೆ."

"ಶೋರೂಮಲ್ಲಿ ಯಾರಾದ್ರೂ ಮುದ್ದೆ ತಿರುವ್ತಾರೇನ್ರೀ ಪುಟ್ಟರಾಜು? ನಾನು ಹೇಳಿದಷ್ಟು ಮಾಡಿ."

ಸಂಘಮಿತ್ರಾ ಅರಕಲಗೂಡಿನ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವಳು. ಹಳೆಯದೆಂದರೆ ಪ್ರಾಣ ಬಿಡುತ್ತಿದ್ದಳು. ಗಂಡ ಗೌತಮ್ ಕೊಣನೂರಿನ ದನದ ಡಾಕ್ಟರು. ಮದುವೆಯಾದಾಗಿನಿಂದ ಹಾಸನದ ಬಾಡಿಗೆ ಮನೆಗಳಲ್ಲೇ ಸವೆದಿದ್ದ ಇಬ್ಬರೂ ಈ ಮನೆ ಮಾರಾಟಕ್ಕಿದೆ ಎಂದು ಗೊತ್ತಾದ ಕೂಡಲೇ ಹಿಂದೆ ಮುಂದೆ ನೋಡದೆ ಕೊಂಡುಬಿಟ್ಟಿದ್ದರು. ಅದಕ್ಕೆ ಕಾರಣವಿತ್ತು. ಗೌತಮನ ಅಜ್ಜಿ ಬೆಟ್ಟಮ್ಮ ಊರಾಚೆಯ ಕೇರಿಯ ಹೆಣ್ಣು. ಹರೆಯದಲ್ಲಿ ಇದೇ ಗೌಡರ ಮನೆಯಲ್ಲಿ ಸಗಣಿ ಬಾಚಿ, ಅಂಗಳ ಗುಡಿಸಿ, ಗದ್ದೆಯಲ್ಲಿ ಕಳೆ ಕಿತ್ತು ಬದುಕಿದವಳು. ಮಗನಿಗೆ ಹಾಸನದಲ್ಲಿ ಸರ್ಕಾರಿ ಕೆಲಸ ಸಿಕ್ಕಿದ ಮೇಲೆ ಅವನ ಹಿಂದೆ ಹೊರಟವಳು ಮತ್ತೆ ಈ ಬೀದಿಯ ಕಡೆ ತಲೆ ಹಾಕಿರಲಿಲ್ಲ.

ನೋಂದಣಿಯ ದಿನ ಗೌತಮ್ ಅಂಗಳದಲ್ಲಿ ನಿಂತು ಕಣ್ಣು ಒರೆಸಿಕೊಂಡಿದ್ದ. "ನಮ್ಮಜ್ಜಿ ಗುಡಿಸಿದ ಅಂಗ್ಳ ಕಣೇ ಮಿತ್ರಾ ಇದು. ಈಗ ಅವಳೇ ಇದರ ಯಜಮಾನಿ." ಹಾಗೆ ಹೇಳುವಾಗ ಅವನ ಎದೆ ಎಷ್ಟು ಉಬ್ಬಿತ್ತೆಂದರೆ, ಅಜ್ಜಿಯನ್ನು ಒಂದು ಮಾತು ಕೇಳಬೇಕು ಎಂದು ಗಂಡನಿಗೂ ಹೊಳೆಯಲಿಲ್ಲ, ಹೆಂಡತಿಗೂ ಹೊಳೆಯಲಿಲ್ಲ. ರಿಪೇರಿಯ ಧೂಳಿನಲ್ಲಿ ಮುದುಕಿ ಯಾಕೆ ಕೆಮ್ಮಬೇಕು ಎಂದು ಅವಳನ್ನು ಚನ್ನರಾಯಪಟ್ಟಣಕ್ಕೆ, ಗೌತಮನ ತಂಗಿ ಬಿಂದುಶ್ರೀಯ ಮನೆಗೆ ಕಳಿಸಿದರು.

ಅಡುಗೆಮನೆಯ ಕೆಲಸ ನಿಧಾನವಾಗಿ ಸಾಗಿತು. ಹೊಗೆ ಕುಡಿದು ಕಪ್ಪಾದ ತೊಲೆಗಳನ್ನು ಕೆರೆಯದೆ ಎಣ್ಣೆ ಬಟ್ಟೆಯಲ್ಲಿ ಒರೆಸಿದರು. ಒಡೆದ ನಾಡಹೆಂಚುಗಳಿಗೆ ಬದಲಾಗಿ ಅಂಥವೇ ಹೆಂಚುಗಳನ್ನು ಹೊಳೆನರಸೀಪುರದ ಕಡೆ ಕೆಡವಿದ ಮನೆಯೊಂದರಿಂದ ಹುಡುಕಿ ತಂದರು. ಕರೆಂಟಿನ ವೈರುಗಳು ತೊಲೆಯ ಮರೆಯಲ್ಲಿ ಹರಿದವು. ಗ್ಯಾಸಿನ ಒಲೆಗೂ ಸಿಂಕಿಗೂ ಒಂದು ಮೂಲೆಯಲ್ಲಿ ಕಡಪಾ ಕಲ್ಲು ಹಾಕಿ, ಕಣ್ಣಿಗೆ ಬೀಳದ ಹಾಗೆ ಕೂರಿಸಿದರು. ಮೂರು ಕೋಡಿನ ಮಣ್ಣಿನ ಒಲೆ ಇದ್ದ ಜಾಗದಲ್ಲೇ ಉಳಿಯಿತು. ನೆಲದಲ್ಲಿ ಹೂತಿದ್ದ ಒರಳೂ ಉಳಿಯಿತು. ಅಟ್ಟದಲ್ಲಿ ಗೌಡ್ತಿಯ ಕಾಲದ ಮಡಕೆಗಳು ಸಿಕ್ಕಿದವು, ಒಂದರ ಮೇಲೊಂದು, ಜೇಡರ ಬಲೆ ಹೊದ್ದುಕೊಂಡು. ಅವನ್ನು ತೊಳೆದು, ಹಲಗೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದಾಗ ಸಂಘಮಿತ್ರಾಳಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಕಿಂಡಿ ಸಿಕ್ಕಿದ್ದು ಆಗಲೇ. ಹಿತ್ತಿಲ ಕಡೆಯ ಗೋಡೆಗೆ ಒಂದು ಹಲಗೆ ಬಡಿದಿದ್ದರು. ಅದನ್ನು ಕಿತ್ತರೆ ಹಿಂದೆ ಒಂದು ಚೌಕದ ತೂತು, ಒಂದು ತಟ್ಟೆ ದಾಟುವಷ್ಟು ಅಗಲ. ಒಳಗಿನಿಂದ ನೋಡಿದರೆ ಮೊಣಕಾಲಿನ ಮಟ್ಟಕ್ಕೆ. ಹಿತ್ತಿಲು ತಗ್ಗಿನಲ್ಲಿದ್ದದ್ದರಿಂದ ಹೊರಗಿನಿಂದ, ಕುಕ್ಕರಗಾಲಿನಲ್ಲಿ ಕೂತವರ ಮುಖದ ಮಟ್ಟಕ್ಕೆ. ಅಂಚುಗಳು ಕೈ ತಾಗಿ ತಾಗಿ ನುಣುಪಾಗಿದ್ದವು.

"ಮುಚ್ಬುಡಾವಾ? ಎಗ್ಗಣ ನುಗ್ತವೆ," ಅಂದ ಪುಟ್ಟರಾಜು.

"ಬೇಡ, ಬೇಡ! ಇಡೀ ಮನೇಲಿ ಇಂಥದ್ದು ಇನ್ನೊಂದಿಲ್ಲ." ಸಂಘಮಿತ್ರಾ ಅಲ್ಲೇ ಕೂತು ಕಿಂಡಿಯಿಂದ ಹಿತ್ತಿಲು ನೋಡಿದಳು. ನುಗ್ಗೆ ಮರ, ಬಟ್ಟೆ ಒಗೆಯುವ ಕಲ್ಲು, ಬಿಸಿಲು. ಒಳ್ಳೆ ಚೌಕಟ್ಟು ಹಾಕಿದ ಚಿತ್ರದ ಹಾಗೆ ಕಂಡಿತು.

ಮನೆ ಮಾರಿದ ಅನಿಲ್‌ಕುಮಾರನಿಗೆ ಫೋನು ಮಾಡಿ, ಇದೇನು ಎಂದು ಕೇಳಿದಳು. ಅವನು ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವವನು. ಮಾತಿನ ಮಲ್ಲ. ಆವತ್ತು ಯಾಕೋ ಮಾತು ನುಂಗಿದ. "ಅದಾ... ಗಾಳಿಗೆ ಬಿಟ್ಟಿದ್ರು ಅನ್ಸುತ್ತೆ ಮೇಡಂ. ನಮ್ಮಜ್ಜಿ ಜವರಮ್ಮನ ಕಾಲದ್ದು. ಮುಚ್ಚಿಬಿಡಿ ಅದನ್ನ, ಏನಕ್ಕೆ ಸುಮ್ನೆ." ಅವನ ಅಜ್ಜಿಯೇ ಈ ಮನೆಯ ಗೌಡ್ತಿ. ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಸಂಘಮಿತ್ರಾ ಮುಚ್ಚಲಿಲ್ಲ. ಬದಲಿಗೆ ಸುಣ್ಣದ ಗಾರೆಯಲ್ಲಿ ಅಂಚು ತಿದ್ದಿಸಿ, ಮೇಲೊಂದು ಸಣ್ಣ ದೀಪ ಹಾಕಿಸಿದಳು. ಕಾಲೇಜಿನ ಗೆಳತಿ ಮಾನಸಾ ಬಂದವಳು ಎಲ್ಲ ಬಿಟ್ಟು ಕಿಂಡಿಯದೇ ಫೋಟೋ ತೆಗೆದಳು. ಇತಿಹಾಸದ ಮೇಡಮ್ಮಿಗೆ ಹೆಮ್ಮೆಯೋ ಹೆಮ್ಮೆ. ಅಲ್ಲ, ಊರಿನ ಮಕ್ಕಳಿಗೆಲ್ಲ ಗೋಡೆಗಳು ಏನು ಹೇಳುತ್ತವೆ ಎಂದು ಪಾಠ ಮಾಡುವವಳು ತನ್ನ ಮನೆಯ ಗೋಡೆಯನ್ನು ಒಂದು ಮಾತು ಕೇಳಬಾರದಿತ್ತೇ?

ಬುದ್ಧವಂದನೆ ಮಾಡಿ ಹಾಲುಕ್ಕಿಸಿದ ಬೆಳಿಗ್ಗೆ ಬೆಟ್ಟಮ್ಮ ಬಂದಳು. ಮೊಮ್ಮಗನ ಹೆಂಡತಿಯ ಭುಜ ಹಿಡಿದು ಪಡಸಾಲೆಯಲ್ಲಿ ನಡೆದಳು, ಕಂಬ ಮುಟ್ಟಿದಳು, ಗೌತಮನ ಗಲ್ಲ ಹಿಡಿದು ಅಲ್ಲಾಡಿಸಿ "ನಿಮ್ಮಪ್ಪ ಇರಬೇಕಿತ್ತು ಕಣ್ಲಾ" ಅಂದಳು. ಅಡುಗೆಮನೆಯ ಹೊಸ್ತಿಲಿಗೆ ಬಂದವಳು ಅಲ್ಲೇ ನಿಂತಳು.

"ಬನ್ನಿ ಅಜ್ಜಿ, ಹಾಲು ನೀವೇ ಇಳಿಸ್ಬೇಕು."

"ನೀನೇ ಇಳಿಸ್ಕಳವ್ವ. ನನ್ಗೆ ಸ್ವಂಟ ಇಡ್ಕಂಡದೆ." ಹಾಗಂದು ಹಿಂದಕ್ಕೆ ಸರಿದು, ಪಡಸಾಲೆಯ ಮೂಲೆಯಲ್ಲಿ ಗೋಡೆಗೊರಗಿ ಕೂತಳು. ಬಿಂದುಶ್ರೀಯ ಮನೆಯಲ್ಲಿ ದಿನವೂ ಒಗ್ಗರಣೆ ಹಾಕುತ್ತಿದ್ದ ಸೊಂಟ ಅದು.

ಆ ದಿನದಿಂದಲೇ ಶುರುವಾಯಿತು. ಊಟಕ್ಕೆ ಕರೆದರೆ ಬೆಟ್ಟಮ್ಮ "ಉಂಡೆ ಕಣವ್ವ" ಅನ್ನುತ್ತಿದ್ದಳು. ಎಲ್ಲಿ ಉಂಡಿರಿ ಎಂದರೆ ಹಿತ್ತಿಲ ಕಡೆ ಕೈ ತೋರಿಸುತ್ತಿದ್ದಳು. ಮೊದಲು ಸಂಘಮಿತ್ರಾ ಹೆಚ್ಚು ಯೋಚಿಸಲಿಲ್ಲ. ಅಕ್ಕಪಕ್ಕದವರು ಯಾರೋ ಕೊಟ್ಟಿರಬೇಕು. ಮುದುಕಿಯ ಬಾಯಿ ಚಪಲ. ಆದರೆ ದಿನ ಕಳೆದಂತೆ ಬೆಟ್ಟಮ್ಮನ ಕೈಬಳೆಗಳು ಮೊಣಕೈಯ ತನಕ ಜಾರತೊಡಗಿದವು, ರವಿಕೆ ಜೋಲಿತು, ಕೆನ್ನೆ ಗುಳಿಬಿತ್ತು. ಹಾಸನದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಲ್ಲ ಪರೀಕ್ಷೆ ಮಾಡಿಸಿದರೂ ರೋಗ ಏನೂ ಸಿಗಲಿಲ್ಲ. ಬುದ್ಧಿ ನೆಟ್ಟಗಿತ್ತು. ಟಿವಿಯವರನ್ನು ಬೈಯುವುದರಲ್ಲೂ, ಮೊಮ್ಮಗನ ಚಪ್ಪಲಿ ಎಲ್ಲಿ ಬಿದ್ದಿದೆ ಎಂದು ಹೇಳುವುದರಲ್ಲೂ ಒಂದು ಕೂದಲಷ್ಟು ತಪ್ಪುತ್ತಿರಲಿಲ್ಲ. ಊಟ ಮಾತ್ರ ಈ ಮನೆಯದು ಮುಟ್ಟುತ್ತಿರಲಿಲ್ಲ.

"ಏನೋ ಮರೆಗುಳಿತನ. ವಯಸ್ಸಾಯ್ತಲ್ಲ," ಅಂದ ಗೌತಮ್. ಅಪ್ಪ ಅಮ್ಮ ಹೋದ ಮೇಲೆ ಅವನಿಗೆ ಹಿರಿಯರೆಂದು ಉಳಿದಿದ್ದವಳು ಅವಳೊಬ್ಬಳೇ.

ಒಂದು ಭಾನುವಾರ, ನಡು ಮಧ್ಯಾಹ್ನ, ಸಂಘಮಿತ್ರಾ ಅಡುಗೆಮನೆಗೆ ಬಂದರೆ ಸೌದೆಯ ಹೊಗೆ ವಾಸನೆ. ಒಲೆ ಹಚ್ಚಿದವರಿಲ್ಲ. ಅದು ನೋಡುವುದಕ್ಕೆಂದು ಉಳಿಸಿಕೊಂಡ ಒಲೆ. ಅದರೊಳಗೆ ಅವಳು ಒಂದು ಹಿತ್ತಾಳೆ ಚೊಂಬು ಇಟ್ಟಿದ್ದಳು. ಚೊಂಬು ಮುಟ್ಟಿದರೆ ಬಿಸಿ. ಬಿಸಿಲು ಬಿದ್ದಿರಬೇಕು ಎಂದುಕೊಂಡಳು. ಆ ಮೂಲೆಗೆ ಬಿಸಿಲು ಬರುವುದಿಲ್ಲ ಎಂದು ಅವಳಿಗೇ ಗೊತ್ತಿತ್ತು. ಆಗ ಹಿತ್ತಿಲಿನಿಂದ ಬೆಟ್ಟಮ್ಮನ ದನಿ ಕೇಳಿತು, ಎಂದೂ ಕೇಳಿರದಷ್ಟು ಸಣ್ಣಗೆ. "ಸಾಕು ಅವ್ವೋರೇ. ಮಗೀಗೂ ಆಯ್ತದೆ."

ಸಂಘಮಿತ್ರಾ ಬಗ್ಗಿ ನೋಡಿದಳು. ಕಿಂಡಿಯ ಆಚೆ ಬೆಟ್ಟಮ್ಮ ಕುಕ್ಕರಗಾಲಿನಲ್ಲಿ ಕೂತಿದ್ದಳು. ತಲೆ ತಗ್ಗಿಸಿ, ಸೆರಗು ಹೊದ್ದು, ಎರಡು ಕೈಯೂ ಬೊಗಸೆ. ಬೊಗಸೆ ಖಾಲಿ. ಆ ಖಾಲಿ ಬೊಗಸೆಯಿಂದ ಅವಳು ಮುರಿದು, ಅದ್ದಿ, ನುಂಗುತ್ತಿದ್ದಳು. ಗಂಟಲು ಮೇಲೆ ಕೆಳಗೆ ಆಡುತ್ತಿತ್ತು.

ಸಂಘಮಿತ್ರಾಳಿಗೆ ಹೆದರಿಕೆಗಿಂತ ಮೊದಲು ಬಂದದ್ದು ನಾಚಿಕೆ. ಗಾಳಿಗಲ್ಲ, ಬೆಳಕಿಗಲ್ಲ. ಹೊಸ್ತಿಲು ತುಳಿಯಬಾರದವರಿಗೆ ಅನ್ನ ನೂಕುವುದಕ್ಕೆ ಮಾಡಿದ ತೂತು ಅದು. ಅದಕ್ಕೆ ತಾನು ಸುಣ್ಣ ಬಳಿಸಿ ದೀಪ ಹಾಕಿಸಿದ್ದಳು. ಹಳ್ಳಿಮೈಸೂರಿನ ತನ್ನ ಸ್ವಂತ ಅಜ್ಜಿ ಯಾರ ಮನೆಯ ಯಾವ ಕಿಂಡಿಯ ಮುಂದೆ ಹೀಗೆ ಕೂತಿದ್ದಳೋ. ಓಡಿಹೋಗಿ ಬೆಟ್ಟಮ್ಮನನ್ನು ಎಬ್ಬಿಸಿದಳು. ಮುದುಕಿಯ ಅಂಗೈ ಕೆಂಪಗೆ ಕಾದಿತ್ತು, ಬಿಸಿ ಮುದ್ದೆ ಹಿಡಿದ ಕೈಯ ಹಾಗೆ. ಬೆರಳ ಸಂದಿಯಲ್ಲಿ ರಾಗಿಹಿಟ್ಟಿನ ಒಂದು ಚೂರು ಅಂಟಿತ್ತು. ಮನೆಯಲ್ಲಿ ಆವತ್ತು ಮಾಡಿದ್ದು ಅನ್ನ ಸಾರು.

"ಯಾರು ಕೊಟ್ರು ಅಜ್ಜಿ?"

"ಯಾರು ಅಂದ್ರೆ? ಗೌಡ್ತವ್ವೋರು." ಇದೂ ಒಂದು ಕೇಳುವ ಪ್ರಶ್ನೆಯೇ ಅನ್ನುವ ಹಾಗೆ ನೋಡಿದಳು. "ಪಾಪ, ಈಗ್ಲೂ ಟೈಮಿಗೆ ಸರ್ಯಾಗಿ ಬತ್ತಾರೆ."

ಸಂಘಮಿತ್ರಾ ಬಟ್ಟೆಕಲ್ಲಿನ ಮೇಲೆ ಅವಳ ಪಕ್ಕ ಕೂತಳು. "ಅವ್ರು ಸತ್ತು ಎಷ್ಟು ಕಾಲ ಆಯ್ತು ಅಜ್ಜಿ. ಈ ಮನೆ ನಮ್ದು. ಒಳಗೆ ಬಂದು ಉಣ್ಣಿ. ನಿಮ್ಮನ್ನ ತಡೆಯೋರು ಯಾರು?"

ಬೆಟ್ಟಮ್ಮ ಅವಳ ಕೈ ತನ್ನ ಮಡಿಲಿಗೆ ಎಳೆದುಕೊಂಡಳು. "ಏಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡ. ನಿಮ್ಮಾವ ಲಕ್ಕಯ್ಯ ಆಗ ಸ್ವಂಟದ ಕೂಸು. ಅವ್ವೋರು ಮುದ್ದೆ ಆಕ್ತಾ ಇದ್ರು. ಕೂಸು ಕೊಸ್ರಾಡ್ತು, ಮುದ್ದೆ ಜಾರ್ತು. ಬಿದ್ದೋಯ್ತದಲ್ಲಾ ಅಂತ ಕಿಂಡಿ ಒಳಿಕೆ ಕೈ ಇಟ್ಬುಟ್ಟೆ. ಅವ್ವೋರ ಕೈಗೆ ತಗುಲ್ಬುಡ್ತು."

"ಹೊಡೆದ್ರಾ?"

"ಇಲ್ಲ ಕಣ್ ಮಗ. ಬೈಲೂ ಇಲ್ಲ. ಒಳ್ಳೇರೇ ಅವ್ರು, ಕೈ ದೊಡ್ದು. ನಾನು ನೋಡ್ತಾ ಇದ್ದಂಗೇ ಒಂದೊಂದೇ ಮಡ್ಕೆ ತಂದು ಇತ್ಲಲ್ಲಿ ಒಡ್ದಾಕುದ್ರು. ಸಾರಿನ ಮಡ್ಕೆ, ಇಟ್ಟಿನ ಮಡ್ಕೆ, ಮೊಸ್ರಿನ ಮಡ್ಕೆ. ಅಳ್ತಾ ಅಳ್ತಾ ಒಡುದ್ರು. ಆವತ್ತು ಅವ್ರ ಮನೆ ಮಕ್ಳೆಲ್ಲಾ ಉಪಾಸ. ಬೈದಿದ್ರೆ ಮರ್ತುಬುಡ್ತಿದ್ದೆ ಕಣವ್ವ, ಅಳ್ತಾ ಒಡುದ್ರಲ್ಲ." ಬೆಟ್ಟಮ್ಮ ಕಿಂಡಿಯ ಕಡೆ ನೋಡಿದಳು. "ನೀನು ಎಷ್ಟು ಆಸೆಯಿಂದ ಮಡ್ಗಿದೀಯೆ ಅಡಿಗ್ಮನೆಯ. ಆ ಮಡ್ಕೆ ಸಾಲು ನೋಡುದ್ರೆ ಕಣ್ ತುಂಬ್ತದೆ. ನಾನು ಒಳಿಕೆ ಬಂದ್ರೆ ಎಲ್ಲಾ ಒಡ್ದಾಕ್ಬೇಕಾಯ್ತದೆ. ನಿನ್ ಒಟ್ಟೆ ಉರ್ಸಕೆ ನಂಗಿಷ್ಟ ಇಲ್ಲ."

ಅಯ್ಯೋ! ಹೊಸ್ತಿಲಾಚೆ ಮುದುಕಿಯನ್ನು ನಿಲ್ಲಿಸಿದ್ದು ಗೌಡ್ತಿಯ ಭಯವಲ್ಲ, ತನ್ನ ಮೇಲಿನ ಪ್ರೀತಿ! ಸಂಘಮಿತ್ರಾ ಆಣೆ ಇಟ್ಟಳು, ಬೇಡಿಕೊಂಡಳು, ಹಾಗೆಲ್ಲ ಈಗ ಯಾರೂ ಮಾಡುವುದಿಲ್ಲ ಎಂದಳು. ಬೆಟ್ಟಮ್ಮ ಎಲ್ಲದಕ್ಕೂ ಹೂಂಗುಟ್ಟಿ, ಪಡಸಾಲೆಯ ಮೂಲೆಗೆ ಹೋಗಿ ಮಲಗಿದಳು. ಪಡಸಾಲೆಗೇ ತಟ್ಟೆ ತಂದಿಟ್ಟರೂ "ಆಗ್ಲೇ ಉಂಡೆನಲ್ಲವ್ವ" ಎಂದು ಮುಖ ತಿರುಗಿಸಿದಳು. ಕಿಂಡಿಗೆ ಹಲಗೆ ಹೊಡೆದರೆ, ಹಲಗೆಯ ಮುಂದೆ ಸಂಜೆಯ ತನಕ ಬೊಗಸೆ ಒಡ್ಡಿ ಕೂತಳು. ಸತ್ತವಳ ಅನ್ನ ತಿಂದು ತಿಂದು ತಮ್ಮ ಕಣ್ಣೆದುರೇ ಈ ಜೀವ ಸವೆದು ಹೋಗುತ್ತದೆ ಎಂದು ಸಂಘಮಿತ್ರಾಳಿಗೆ ಖಾತ್ರಿಯಾಯಿತು.

ಆಗ ಅವಳು ಒಂದು ಉಪಾಯ ಮಾಡಿದಳು. ಹಾಳು ಉಪಾಯ! ಕಿಂಡಿಯಿಂದಲೇ ಆದರೂ ಸರಿ, ಬದುಕಿದವರ ಅನ್ನ ಹೊಟ್ಟೆಗೆ ಹೋಗಲಿ ಎಂದುಕೊಂಡಳು. ಅವಳ ಜಾಗದಲ್ಲಿ ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ. ಹಲಗೆ ಕಿತ್ತಳು. ಕಾಲೇಜಿಗೆ ರಜೆ ಹಾಕಿದಳು. ನಡು ಮಧ್ಯಾಹ್ನ ಕಿಂಡಿಯ ಪಕ್ಕ ಮಣೆ ಹಾಕಿಕೊಂಡು ಕೂತು, ಸ್ಟೀಲಿನ ತಟ್ಟೆಯಲ್ಲಿ ಬಿಸಿ ಮುದ್ದೆ, ಅವರೆಕಾಳು ಸಾರು ಹಾಕಿ ಆಚೆಗೆ ನೂಕಿದಳು. ಬೆಟ್ಟಮ್ಮ ತಲೆ ಎತ್ತದೆ ಉಂಡಳು. "ತಣ್ಣಗಿರಿ ಅವ್ವೋರೇ" ಅಂದಳು. ಸಂಘಮಿತ್ರಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆದರೆ ಮುದುಕಿಯ ಹೊಟ್ಟೆ ತುಂಬಿತ್ತು.

ಉಪಾಯ ಫಲಿಸಿತು. ವಾರ ಕಳೆಯುವುದರೊಳಗೆ ಬೆಟ್ಟಮ್ಮನ ಮುಖಕ್ಕೆ ಕಳೆ ಬಂತು. ಕೈಬಳೆಗಳು ಮೊದಲಿನ ಜಾಗಕ್ಕೆ ಇಳಿದವು. ಗೌತಮನಿಗೆ ನಿಜ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ. "ಅಜ್ಜಿ ಈಗ ಊಟ ಮಾಡ್ತಾರೆ" ಎಂದಷ್ಟೇ ಹೇಳಿದಳು. ಅವನು ಸಮಾಧಾನದಿಂದ ಹಸು ಎಮ್ಮೆಗಳ ಕಡೆ ಹೊರಟುಹೋದ. ಹೊಗೆಯ ವಾಸನೆ ಮಾತ್ರ ಹೋಗಲಿಲ್ಲ. ಕಿಂಡಿಯ ಅಂಚಿನ ಹೊಸ ಸುಣ್ಣದ ಮೇಲೆ ಮಸಿ ತಾನಾಗಿಯೇ ಏರತೊಡಗಿತ್ತು. ಮಣೆಯ ಮೇಲೆ ಕೂತಾಗ ಬೆನ್ನ ಹಿಂದೆ ಯಾರೋ ಒತ್ತಾಗಿ ಕೂತು, ಸೌಟು ಹಿಡಿದ ತನ್ನ ಮೊಣಕೈಗೆ ಆಧಾರ ಕೊಟ್ಟ ಹಾಗೆ ಅನ್ನಿಸುತ್ತಿತ್ತು. ಮೊದಮೊದಲು ಬೆಚ್ಚುತ್ತಿದ್ದಳು. ಆಮೇಲೆ ಅದೂ ರೂಢಿಯಾಯಿತು, ಒಂದು ಬಗೆಯಲ್ಲಿ ಹಿತವೂ ಆಗಿತ್ತು. ಅದನ್ನು ನೆನೆದರೆ ಈಗಲೂ ಅವಳಿಗೆ ಮೈ ನಡುಗುತ್ತದೆ.

ಒಂದು ಬೆಳಿಗ್ಗೆ ಗೌತಮ್ ಹಿತ್ತಿಲಿನಿಂದ ಸ್ಟೀಲಿನ ತಟ್ಟೆಯೊಂದನ್ನು ಹಿಡಿದು ಬಂದ. ಮುಖ ಸುಟ್ಟ ಬದನೆಕಾಯಿಯಾಗಿತ್ತು.

"ಅಜ್ಜಿ ತಟ್ಟೆ ಬಟ್ಟೆಕಲ್ಲಿನ ಮೇಲೆ ಬೋರಲು ಬಿದ್ದಿತ್ತು. ಯಾಕೆ?"

"ತೊಳೆದು ಅಲ್ಲೇ ಒಣಗೋಕೆ ಇಟ್ಟಿರ್ತಾರೆ."

"ನಿನ್ನೆಯೂ ಅಲ್ಲೇ ಇತ್ತು, ಮೊನ್ನೆಯೂ ಅಲ್ಲೇ ಇತ್ತು. ನಮ್ಮ ತಟ್ಟೆಗಳೆಲ್ಲ ಒಳಗಿವೆ, ಇದೊಂದೇ ಹೊರಗೆ. ಒಳಗೆ ಯಾಕೆ ತಂದಿಡಲ್ಲ ನೀನು?"

ಸಂಘಮಿತ್ರಾ ಆ ತಟ್ಟೆಯನ್ನೇ ನೋಡಿದಳು. ಯಾಕೆ ತಂದಿಡಲಿಲ್ಲ? ದಿನವೂ ಬೆಟ್ಟಮ್ಮ ಹೊರಗಿನಿಂದ ಕಿಂಡಿಗೆ ಒಡ್ಡುತ್ತಿದ್ದ ಅದೇ ತಟ್ಟೆಗೆ ಬಡಿಸಿದ್ದಳು, ಒಳಗೆ ತರಬೇಕು ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಊಟ ಕೊಟ್ಟಾದ ಮೇಲೆ ಸೋಪು ಹಾಕಿ ಕೈ ತೊಳೆಯುತ್ತಿದ್ದದ್ದೂ ಆಗ ನೆನಪಾಯಿತು. "ಮರೆತಿದ್ದೆ," ಅಂದಳು. ಗೌತಮ್ ಅವಳನ್ನೇ ನೋಡುತ್ತ ನಿಂತ. ಅವನ ಕಣ್ಣಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಇತ್ತು. ಆಮೇಲೆ ತಟ್ಟೆಯನ್ನು ಹೊಸ್ತಿಲ ಮೇಲಿಟ್ಟು ಬೈಕು ಹತ್ತಿ ಹೋದ.

ಆವತ್ತು ಮಧ್ಯಾಹ್ನ ಅವಳು ಬೇಕೆಂದೇ ಆ ತಟ್ಟೆಯನ್ನು ಒಳಗೆ ತಂದು, ಅದರಲ್ಲೇ ಬಡಿಸಲು ಕೂತಳು. ಬೆಟ್ಟಮ್ಮ ಹೊರಗೆ ಕೂತಿದ್ದಳು. ತಟ್ಟೆ ಆಚೆ ಹೋಯಿತು. ಎರಡನೆಯ ಮುದ್ದೆ ಹಾಕಬೇಕು. ಸಂಘಮಿತ್ರಾ ಮುದ್ದೆಯನ್ನು ಕೈಯಲ್ಲಿ ಹಿಡಿದು ಕಿಂಡಿಯ ಬಾಯಿಗೆ ಒಯ್ದಳು. ಆ ಕೈ ತಟ್ಟೆಯ ತನಕ ಇಳಿಯಲಿಲ್ಲ. ಒಂದು ಗೇಣು ಮೇಲೆಯೇ ನಿಂತಿತು. ಆಚೆಯಿಂದ ಬೆಟ್ಟಮ್ಮನ ಬೆರಳು ತಟ್ಟೆ ಹಿಡಿದುಕೊಂಡು ಸ್ವಲ್ಪ ಮೇಲೆ ಬಂದಿತು.

"ಕೈ ಕೆಳಿಕ್ಕಿಡ್ಕಳೇ ಬೆಟ್ಟಿ! ತಗುಲ್ಬುಟ್ಟೀಯ!"

ಆ ಮಾತು ಸಂಘಮಿತ್ರಾಳ ಬಾಯಿಯಿಂದಲೇ ಬಂದಿತ್ತು. ದನಿ ಅವಳದಲ್ಲ. ದಪ್ಪ, ವಯಸ್ಸಾದ, ಬೈಗುಳವಿಲ್ಲದ ದನಿ. ಮಗುವಿಗೆ ಬುದ್ಧಿ ಹೇಳುವಷ್ಟು ಮೆತ್ತಗಿನ ದನಿ. ಹೊರಗೆ ತಟ್ಟೆ ಸರಕ್ಕನೆ ಕೆಳಗೆ ಹೋಯಿತು. "ತಪ್ಪಾಯ್ತು ಅವ್ವೋರೇ," ಅಂದಳು ಬೆಟ್ಟಮ್ಮ. ಮುದ್ದೆ ಮೇಲಿನಿಂದ ತಟ್ಟೆಗೆ ದೊಪ್ಪನೆ ಬಿತ್ತು.

ಸಂಘಮಿತ್ರಾ ಕೂತಲ್ಲೇ ಕಲ್ಲಾದಳು. ಎದ್ದು ಓಡಬೇಕು ಎಂದುಕೊಂಡರೆ ಸೊಂಟದ ಮೇಲೆ ಯಾರದೋ ಭಾರ. ಮಡಕೆಗಳ ಸಾಲು ಎದುರಿಗೇ ಇತ್ತು, ಒರೆಸಿ ಹೊಳೆಯುವಂತೆ ಮಾಡಿದ ಸಾಲು. ಆ ಮಡಕೆಗಳನ್ನು ಕಾಯಬೇಕು, ಮೈಲಿಗೆಯಾಗದ ಹಾಗೆ ಕಾಯಬೇಕು ಎಂಬ ಒಂದೇ ಆಸೆ ಎದೆಯ ತುಂಬ ಹರಡುತ್ತಿತ್ತು. ಎಷ್ಟು ಚೆನ್ನಾಗಿತ್ತು ಆ ಆಸೆ! ಎಷ್ಟು ಅಚ್ಚುಕಟ್ಟು! ಈ ಅಡುಗೆಮನೆಯ ಗುಣ ಕೆಡಬಾರದು ಎಂದು ಅವಳೇ ಅಲ್ಲವೇ ಹಟ ಹಿಡಿದಿದ್ದು? ಕೆಟ್ಟಿರಲಿಲ್ಲ. ಒಂದಿಷ್ಟೂ ಕೆಟ್ಟಿರಲಿಲ್ಲ. ಅವಳ ಸಿಟ್ಟು ನೆತ್ತಿಗೇರಿತು. ಗೌಡ್ತಿಯ ಮೇಲಲ್ಲ, ತನ್ನ ಮೇಲೆ.

ಹಲ್ಲು ಕಚ್ಚಿ ಅವಳು ಕೈ ಚಾಚಿದಳು. ಕೈ ಮುಂದೆ ಹೋಗಲೊಲ್ಲದು. ನೆಲಕ್ಕೆ ಒರಗಿ, ಮೈಭಾರವನ್ನೆಲ್ಲ ಹಾಕಿ ಭುಜದ ತನಕ ತೋಳನ್ನು ಕಿಂಡಿಯಾಚೆ ನೂಕಿ, ಬೆಟ್ಟಮ್ಮನ ಮುಂಗೈ ಹಿಡಿದುಕೊಂಡಳು. ಎಂಜಲಾದ ಬೆಚ್ಚಗಿನ ಕೈ.

ಬೆಟ್ಟಮ್ಮ ಚಿಟ್ಟನೆ ಚೀರಿದಳು. "ಬುಡಿ ಅವ್ವೋರೇ! ನಿಮ್ ದಮ್ಮಯ್ಯ, ಬುಡಿ! ಮಡ್ಕೆ ಎಲ್ಲಾ ಒಡ್ದೋಯ್ತವೆ!"

"ಒಡೆದು ಹೋಗ್ಲಿ ಅಜ್ಜಿ!" ಈಗ ದನಿ ತನ್ನದೇ ಆಗಿತ್ತು. "ನಾನು ಮಿತ್ರಾ. ನಿಮ್ಮ ಮಿತ್ರಾ. ಅಲ್ಲೇ ಕೂತಿರಿ, ಎಲ್ಲಾ ನಾನೇ ಒಡೀತೀನಿ."

ಎದ್ದಳು. ಹಲಗೆಯ ಮೇಲಿಂದ ದೊಡ್ಡ ಮಡಕೆಯನ್ನು ಎತ್ತಿಕೊಂಡು ಹಿತ್ತಿಲಿಗೆ ಬಂದು, ಬಟ್ಟೆಕಲ್ಲಿಗೆ ಅಪ್ಪಳಿಸಿದಳು. ಎರಡನೆಯದು. ಮೂರನೆಯದು. ಬೆಟ್ಟಮ್ಮ ಕಿವಿ ಮುಚ್ಚಿಕೊಂಡು ನೋಡುತ್ತಿದ್ದಳು. ಪ್ರತಿ ಸಲ ಒಳಗೆ ಹೋದಾಗಲೂ ಅಡುಗೆಮನೆಯಲ್ಲಿ ಯಾರೋ ಎದೆ ಬಡಿದುಕೊಂಡು ಬಿಕ್ಕುವುದು ಸಂಘಮಿತ್ರಾಳಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಕರುಳು ಹಿಂಡುವ ಅಳು ಅದು. ಆ ಅಳುವಿಗೆ ಕರಗಿದ್ದರೆ ಅಲ್ಲಿಗೆ ಮುಗಿಯಿತು. ಕರಗಲಿಲ್ಲ. ಮೊಸರಿನ ಪುಟ್ಟ ಮಡಕೆಯನ್ನೂ ಬಿಡಲಿಲ್ಲ. ಕೊನೆಗೆ ಪುಟ್ಟರಾಜು ಬಿಟ್ಟುಹೋಗಿದ್ದ ಹಾರೆ ತಂದು ಮೂರು ಕೋಡಿನ ಒಲೆಗೆ ಹಾಕಿದಳು. ಮಣ್ಣು ಪುಸ್ಸೆಂದು ಕುಸಿಯಿತು. ಒಳಗೆ ಬೂದಿ ಬೆಚ್ಚಗಿತ್ತು. ಅದನ್ನು ಬುಟ್ಟಿಗೆ ತುಂಬಿ ನುಗ್ಗೆ ಮರದ ಬುಡಕ್ಕೆ ಸುರಿದಳು. ಬಿಕ್ಕುವುದು ನಿಂತಿತು.

ಹಿತ್ತಿಲ ತುಂಬ ಚೂರು. ಬೆಟ್ಟಮ್ಮ ಕಿವಿಯಿಂದ ಕೈ ತೆಗೆದಳು.

"ಎಲ್ಲಾ ಆಯ್ತಾ ಮಗ? ಇನ್ನ ಒಡ್ಯಾಕೆ ಏನೂ ಉಳಿದಿಲ್ವಾ?"

"ಏನೂ ಇಲ್ಲ ಅಜ್ಜಿ."

"ನೀನು ಅಳ್ತಿಲ್ವಲ್ಲ?"

"ಇಲ್ಲ ನೋಡಿ." ಸಂಘಮಿತ್ರಾ ಮುಖ ತೋರಿಸಿದಳು. ಬೆವರಿತ್ತು, ಮಸಿಯಿತ್ತು, ಕಣ್ಣೀರು ನಿಜಕ್ಕೂ ಇರಲಿಲ್ಲ. ಬೆಟ್ಟಮ್ಮ ಅದನ್ನು ಹತ್ತಿರದಿಂದ ಪರೀಕ್ಷೆ ಮಾಡಿದಳು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದು, ಚೂರುಗಳನ್ನು ದಾಟಿಕೊಂಡು, ಹಿತ್ತಿಲ ಬಾಗಿಲಿನಿಂದ ಅಡುಗೆಮನೆಯೊಳಕ್ಕೆ ಕಾಲಿಟ್ಟಳು. ಸಂಘಮಿತ್ರಾ ಹಿಂದೆ ಬಂದು, ಇನ್ನು ಇವಳು ಹೊರಗೆ ಹೋಗುವುದು ಬೇಡ ಎಂದು ಬಾಗಿಲು ಹಾಕಿ ಅಗುಳಿ ಜಡಿದಳು.

ಬೆಟ್ಟಮ್ಮ ತೊಲೆ ನೋಡಿದಳು. ಗೋಡೆ ಸವರಿದಳು. ಒರಳಿನ ಗುಳಿಯೊಳಗೆ ಬೆರಳಾಡಿಸಿದಳು. "ಇಷ್ಟೇಯಾ?" ಅಂದಳು. "ಆಚೆಯಿಂದ ಎಷ್ಟು ದೊಡ್ದಾಗಿ ಕಾಣದು ಕಣವ್ವ!" ಸಂಘಮಿತ್ರಾಳಿಗೆ ನಗು ಬಂತು, ಈಗ ಅಳುವೂ ಬಂತು. ಮುದುಕಿ ಗ್ಯಾಸು ಹಚ್ಚಲು ಹೇಳಿ, ಸೀರೆ ಸೊಂಟಕ್ಕೆ ಸಿಕ್ಕಿಸಿ, ಹೊಸದಾಗಿ ಹಿಟ್ಟು ಬೇಯಿಸಿ ತಾನೇ ತಿರುವಿದಳು. ಸ್ವಂಟ ಹಿಡಿದ ಸುಳಿವೇ ಇರಲಿಲ್ಲ. ಇಬ್ಬರೂ ಕೆಂಪು ನೆ‌ಲದ ಮೇಲೆ ಎದುರು ಬದುರು ಕೂತು ಉಣ್ಣತೊಡಗಿದರು. ಹೊಗೆಯ ವಾಸನೆ ಹೋಗಿತ್ತು. ಬಿಸಿ ರಾಗಿಯ ವಾಸನೆ ಮಾತ್ರ ಇತ್ತು.

ಎರಡು ತುತ್ತು ನುಂಗಿ ಬೆಟ್ಟಮ್ಮ ಥಟ್ಟನೆ ಕೈ ನಿಲ್ಲಿಸಿದಳು. ಅವಳು ಕಿಂಡಿಯ ಕಡೆ ನೋಡುತ್ತಿದ್ದಳು. ಸಂಘಮಿತ್ರಾ ತಿರುಗಿದಳು. ಅವಳಿಗೆ ಕಂಡದ್ದು ಹಿತ್ತಿಲ ಬಿಸಿಲು, ಮಡಕೆಯ ಚೂರು. ಆದರೆ ಆ ಚೂರುಗಳ ಮೇಲೆ ಯಾರೋ ಬರಿಗಾಲಿನಲ್ಲಿ ಮೈಭಾರ ಬದಲಿಸಿದ ಹಾಗೆ ಚರಕ್ ಎಂದು ಸದ್ದಾಯಿತು.

"ಬಂದವ್ರೆ," ಅಂದಳು ಬೆಟ್ಟಮ್ಮ ಮೆಲ್ಲಗೆ. "ಮಡ್ಕೆ ಒಡ್ದ ಮ್ಯಾಲೆ ಅವ್ರು ಒಳಗೆ ಎಂಗಿದ್ದಾರು? ಆಚಿಕೆ ಕೂತವ್ರೆ." ಕಿಂಡಿಯ ಕಡೆ ದನಿ ಎತ್ತಿದಳು. "ಏನವ್ವೋರೇ, ಅಸಿವಾ?"

ಚೂರುಗಳು ಮತ್ತೆ ಚರಕ್ಕೆಂದವು, ಗೋಡೆಗೆ ಇನ್ನಷ್ಟು ಹತ್ತಿರದಲ್ಲಿ. ಬೆಟ್ಟಮ್ಮ ಪಾತ್ರೆಯಿಂದ ಒಂದು ಮುದ್ದೆ ತೆಗೆದು ತಟ್ಟೆಗೆ ಹಾಕಿದಳು. ಗುಳಿ ಮಾಡಿ ಸಾರು ಬಿಟ್ಟಳು. ಮುದುಕಿ ಈಗ ಕಿಂಡಿಯ ಪಕ್ಕದ ಮಣೆಯ ಮೇಲೆ ಕೂರುತ್ತಾಳೆ, ತಟ್ಟೆ ಆಚೆಗೆ ನೂಕುತ್ತಾಳೆ, ಎಲ್ಲ ಇನ್ನೊಂದು ಸುತ್ತು ಶುರುವಾಗುತ್ತದೆ ಎಂದುಕೊಂಡಳು ಸಂಘಮಿತ್ರಾ. ಹಾಗೆ ನೂಕಿದರೆ ತಡೆಯುವ ಹಕ್ಕು ತನಗೆಲ್ಲಿದೆ ಎಂದೂ ಅನ್ನಿಸಿತು.

ಬೆಟ್ಟಮ್ಮ ಕಿಂಡಿಯ ಹತ್ತಿರ ಹೋಗಲಿಲ್ಲ. ಆ ಮಣೆಯನ್ನು ಕಾಲಿನಿಂದ ಎಳೆದು ತನ್ನ ಪಕ್ಕಕ್ಕೆ ಹಾಕಿ, ತಟ್ಟೆಯನ್ನು ಅದರ ಮುಂದೆ ಇಟ್ಟಳು.

"ಕಿಂಡೀಲಿ ಕೊಡಾಕಿಲ್ಲ ನಾನು," ಅಂದಳು. "ಉಣ್ಬೇಕಂದ್ರೆ ಬಾಗ್ಲಿಂದ ಬಾ, ಜವರವ್ವ."

ಸಂಘಮಿತ್ರಾ ಎದ್ದುಹೋಗಿ ಹಿತ್ತಿಲ ಬಾಗಿಲಿನ ಅಗುಳಿ ತೆಗೆದಳು.